ಮನೆಪಟ್ಟಿಯ ದರವು ಗೊತ್ತಾಗುವ ಬಗೆ

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಶಾಲೆಯ ಕಛೇರಿಗೆ ಬರುವ ಪೋಷಕರು ಮಕ್ಕಳ ಅಂಕಪಟ್ಟಿಯ ವಿಚಾರವನ್ನು ಮುಗಿಸಿಕೊಂಡ ಮೇಲೆ ಕೈಚೀಲದಿಂದ ಇನ್ನೊಂದು ಕಾಗದವನ್ನು ಹೊರಗೆ ತೆಗೆಯುವುದುಂಟು. "ಬಾಯಿಯವರೇ, ಇದನ್ನು ಸ್ವಲ್ಪ ಓದಿ ಹೇಳುವಿರಾ?" ಎಂದು ಕೇಳುತ್ತಾರೆ. ಅದು ಬಹುಮಟ್ಟಿಗೆ ಪುರಸಭೆಯ ತೆರಿಗೆಯ ಕಾಗದವಾಗಿರುತ್ತದೆ. ಹೋದ ವರ್ಷಕ್ಕಿಂತ ಈ ವರ್ಷ ಹಣವು ಹೆಚ್ಚಾದದ್ದು ಹೇಗೆ, ಹೆಚ್ಚಿಸಿದವರು ಯಾರು, ಯಾರನ್ನು ಕೇಳಿ ಹೆಚ್ಚಿಸಿದರು ಎಂಬುದೇ ಅವರ ಪ್ರಶ್ನೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಹೇಳುವುದಕ್ಕಿಂತ ಈ ಸಂಚಿಕೆಯಲ್ಲಿ ಒಮ್ಮೆ ವಿವರವಾಗಿ ಬರೆದಿಡುವುದು ಮೇಲೆಂದು ನಮಗೆ ತೋರಿತು.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೆ ಇಂಥ ಒಣ ವಿಷಯವೇಕೆಂದು ಕೆಲವರು ಕೇಳಬಹುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಮ್ಮ ಹೆಸರಿನಲ್ಲಿಯೇ ಮನೆಯುಳ್ಳವರು. ಕ್ರೈಸ್ತ ಮನೆತನಗಳಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಿಂದಲೂ, ಹಿಂದೂ ಮನೆತನಗಳಲ್ಲಿ 2005ರ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳ ಪಾಲು ಗಟ್ಟಿಯಾಗಿದೆ. ಇದಲ್ಲದೆ 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯ ಪ್ರಕಾರ ಪುರಸಭೆಯ ಸ್ಥಾನಗಳಲ್ಲಿ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಹೆಂಗಸರಿಗೆ ಮೀಸಲಾಗಿರತಕ್ಕದ್ದು. ಹೀಗಿರಲಾಗಿ ತೆರಿಗೆಯನ್ನು ತೆರುವವರ ಸಾಲಿನಲ್ಲಿಯೂ, ಅದನ್ನು ಗೊತ್ತುಮಾಡುವವರ ಸಾಲಿನಲ್ಲಿಯೂ ನಮ್ಮ ಹುಡುಗಿಯರೇ ಕುಳಿತಿರುವ ಕಾಲವಿದು. ಗಂಡಸರಿಗೆ ಬಿಟ್ಟ ವಿಷಯವೆಂದು ಪಕ್ಕಕ್ಕೆ ಸರಿಸುವ ಹಾಗಿಲ್ಲ.

ಮೊದಲು ಬುಡವನ್ನು ನೋಡೋಣ. ಕಾಯಿದೆಯ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹೇರಕೂಡದೆಂದು ಸಂವಿಧಾನದ 265ನೆಯ ವಿಧಿಯು ಹೇಳುತ್ತದೆ. ಪುರಸಭೆಗೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯದ ಶಾಸನಸಭೆಯು ಕೊಡಬಹುದೆಂದು 243-ಎಕ್ಸ್ ವಿಧಿಯು ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಹಾಗೆ ಕೊಟ್ಟ ಕಾಯಿದೆಯು 1964ರ ಕರ್ನಾಟಕ ಪುರಸಭೆಗಳ ಕಾಯಿದೆ. ಅಂದರೆ ನಮ್ಮ ವಾರ್ಡಿನ ಸದಸ್ಯರು ಮನಸ್ಸಿಗೆ ಬಂದ ದರವನ್ನು ಹಾಕಲಾರರು. ಮನೆ, ಅಂಗಡಿ, ಖಾಲಿ ನಿವೇಶನ ಒಂದೊಂದಕ್ಕೂ ಕಾಯಿದೆಯು ಇಷ್ಟಕ್ಕಿಂತ ಕೆಳಗಿಲ್ಲ, ಇಷ್ಟಕ್ಕಿಂತ ಮೇಲಿಲ್ಲ ಎಂದು ಎರಡು ಗೆರೆಗಳನ್ನು ಎಳೆದಿದೆ. ಆ ಎರಡು ಗೆರೆಗಳ ನಡುವೆ ಒಂದು ಸ್ಥಳವನ್ನು ಆರಿಸಿಕೊಳ್ಳುವುದಷ್ಟೇ ಸಭೆಯ ಪಾಲಿನ ಕೆಲಸ. ಅದು ಚಿಕ್ಕ ಕೆಲಸವೇನೂ ಅಲ್ಲ.

ಇಲ್ಲಿ ಸ್ವಲ್ಪ ಹಿಂದಿನ ಕಥೆಯನ್ನು ಹೇಳಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಊರುಗಳ ಪುರಸಭೆಗಳು ಬೇರೆಬೇರೆ ಕಾಯಿದೆಗಳ ಕೆಳಗಿದ್ದವು. ಮುಂಬಯಿ ಪ್ರಾಂತದ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಊರುಗಳಿಗೆ 1901ರ ಮತ್ತು 1925ರ ಮುಂಬಯಿಯ ಕಾಯಿದೆಗಳು, ಮದ್ರಾಸಿಗೆ ಸೇರಿದ್ದ ಮಂಗಳೂರಿನ ಕಡೆಗೆ 1920ರ ಕಾಯಿದೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಬೇರೆ. ಆಗ ಅನೇಕ ಊರುಗಳ ಬೊಕ್ಕಸವನ್ನು ತುಂಬುತ್ತಿದ್ದ ದೊಡ್ಡ ಬಾಬು ಆಕ್ಟ್ರಾಯ್. ಊರ ಬಾಗಿಲಿನ ನಾಕಾದಲ್ಲಿ ಬಂಡಿಯನ್ನು ನಿಲ್ಲಿಸಿ ಒಳಗೆ ಬರುವ ಸರಕಿನ ಮೇಲೆ ವಸೂಲು ಮಾಡುತ್ತಿದ್ದ ಸುಂಕವದು. ಘರಪಟ್ಟಿಯೆಂಬುದು ಅದರ ಬದಿಯ ತೊರೆ. 1979ರಲ್ಲಿ ಕರ್ನಾಟಕವು ಆಕ್ಟ್ರಾಯನ್ನು ತೆಗೆದುಹಾಕಿತು. ನಾಕಾದಲ್ಲಿ ನಡೆಯುತ್ತಿದ್ದ ಕಾಲಹರಣವೂ ಲಂಚವೂ ಹೋದದ್ದು ಒಳ್ಳೆಯದಾಯಿತು. ಆದರೆ ಅಂದಿನಿಂದ ಪುರಸಭೆಗೆ ತನ್ನದೆಂದು ಹೇಳಿಕೊಳ್ಳತಕ್ಕ ದೊಡ್ಡ ಆದಾಯವು ಮನೆಪಟ್ಟಿಯೊಂದೇ ಉಳಿಯಿತು. ಉಳಿದದ್ದನ್ನೆಲ್ಲ ಸರ್ಕಾರದ ಅನುದಾನದಿಂದ ಕಾಯುತ್ತ ಕುಳಿತಿರಬೇಕು. ಅನುದಾನವು ಬಹುಮಟ್ಟಿಗೆ ಇಂಥ ಕೆಲಸಕ್ಕೇ ಎಂದು ಹಣೆಬರಹ ಬರೆಸಿಕೊಂಡು ಬರುತ್ತದೆ. ನಮ್ಮ ಓಣಿಯ ಒಡೆದ ಚರಂಡಿಯ ಹೆಸರು ಆ ಬರಹದಲ್ಲಿ ಇರುವುದು ಅಪರೂಪ.

ಇನ್ನು ತೆರಿಗೆಯನ್ನು ಯಾವುದರ ಮೇಲೆ ಲೆಕ್ಕ ಹಾಕುವುದೆಂಬ ಪ್ರಶ್ನೆ. ಹಿಂದೆ ವಾರ್ಷಿಕ ಬಾಡಿಗೆಯ ಮೇಲೆ ಹಾಕುತ್ತಿದ್ದರು. ಈ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ವರ್ಷಕ್ಕೆ ಎಷ್ಟು ಬರಬಹುದಿತ್ತೆಂದು ಅಧಿಕಾರಿಯು ಊಹಿಸಿ ಬರೆಯುತ್ತಿದ್ದನು. ಊಹೆಯೆಂದ ಮೇಲೆ ಅಲ್ಲಿ ಸ್ನೇಹಕ್ಕೂ ದ್ವೇಷಕ್ಕೂ ಎಡೆಯುಂಟು. ಇದರ ಮೇಲೆ ಬಾಡಿಗೆ ನಿಯಂತ್ರಣದ ಕಾಯಿದೆಗಳು ಬಂದವು. ನ್ಯಾಯವಾದ ಬಾಡಿಗೆಯೆಂದು ಆ ಕಾಯಿದೆಯು ಒಪ್ಪುವ ಮೊತ್ತಕ್ಕಿಂತ ಹೆಚ್ಚಿನ ಬೆಲೆಯನ್ನು ತೆರಿಗೆಗಾಗಿ ಹಿಡಿಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು ದೆಹಲಿಯ ದಿವಾನ್ ದೌಲತ್ ರಾಯ್ ಕಪೂರ್ ಎಂಬವರ ಮೊಕದ್ದಮೆಯಲ್ಲಿ 1979ರಲ್ಲಿ ತೀರ್ಪಿತ್ತಿತು. ಇದರ ಫಲವೇನೆಂದರೆ, ಪೇಟೆಯ ನಡುವಿನ ದೊಡ್ಡ ಹಳೆಯ ಕಟ್ಟಡಕ್ಕೆ ಅಲ್ಪ ತೆರಿಗೆ, ಊರಾಚೆ ಸಾಲ ಮಾಡಿ ಕಟ್ಟಿಸಿದ ಚಿಕ್ಕ ಹೊಸ ಮನೆಗೆ ಹೆಚ್ಚು ತೆರಿಗೆ ಎಂಬಂಥ ವಿಪರೀತವು ಅನೇಕ ಊರುಗಳಲ್ಲಿ ಕಾಣಿಸಿಕೊಂಡಿತು.

ಈ ತೊಡಕನ್ನು ಬಿಡಿಸಲು ಪಾಟ್ನಾ ನಗರವು 1993ರಲ್ಲಿ ಬಾಡಿಗೆಯ ಊಹೆಯನ್ನು ಬಿಟ್ಟು ಕಟ್ಟಡದ ವಿಸ್ತೀರ್ಣ, ಬೀದಿಯ ದರ್ಜೆ, ಕಟ್ಟಡದ ಬಗೆ ಇವುಗಳ ಮೇಲೆ ಲೆಕ್ಕ ಹಾಕುವ ಕ್ರಮವನ್ನು ತಂದಿತು. ನಮ್ಮ ರಾಜ್ಯದ ಪುರಸಭೆಗಳಲ್ಲಾದರೋ 2002ರಿಂದ ಬಂಡವಾಳ ಬೆಲೆಯ ಕ್ರಮವು ನಡೆದು ಬಂದಿದೆ. ಇದರಲ್ಲಿ ಮನೆಯ ಯಜಮಾನರೇ ತಮ್ಮ ನಿವೇಶನದ ಅಳತೆ, ಕಟ್ಟಡದ ಅಳತೆ, ಅದರ ಬಗೆ, ಅದಕ್ಕಾದ ವಯಸ್ಸು ಇವನ್ನು ನಮೂನೆಯಲ್ಲಿ ಬರೆದು ತೆರಿಗೆಯನ್ನು ತಾವೇ ಲೆಕ್ಕ ಮಾಡಿ ಕಟ್ಟುತ್ತಾರೆ. ಇದಕ್ಕೆ ಸ್ವಯಂ ಘೋಷಣೆಯೆಂದು ಹೆಸರು. ಜಾಗದ ಬೆಲೆಯನ್ನು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಮಾರ್ಗಸೂಚಿ ಬೆಲೆಯಿಂದ ಹಿಡಿಯುತ್ತಾರೆ. 1957ರ ಮುದ್ರಾಂಕ ಕಾಯಿದೆಯ 45-ಬಿ ಪ್ರಕರಣದಂತೆ ರಚಿತವಾದ ಸಮಿತಿಯು ಈ ಬೆಲೆಗಳನ್ನು ಗೊತ್ತುಮಾಡುತ್ತದೆ. ಕಟ್ಟಡವು ಹಳೆಯದಾದ ಹಾಗೆಲ್ಲ ಸವಕಳಿಯೆಂದು ಅದರ ಬೆಲೆಯಲ್ಲಿ ಕಳೆಯುವುದುಂಟು. ಹೀಗೆ ಬಂದ ಬೆಲೆಯಲ್ಲಿ ಪೂರ್ತಿಯನ್ನಲ್ಲ, ನಿಯಮದಲ್ಲಿ ಹೇಳಿದ ಒಂದು ಭಾಗವನ್ನು ಮಾತ್ರ ತೆರಿಗೆಗೆ ಒಳಪಡುವ ಬೆಲೆಯೆಂದು ತೆಗೆದುಕೊಳ್ಳುತ್ತಾರೆ.

ಈ ಭಾಗವನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವುಂಟು. ಮನೆಯ ಬೆಲೆಯನ್ನು ಗೊತ್ತುಮಾಡುವ ಕೈ ಒಂದು. ಆ ಬೆಲೆಯ ಮೇಲೆ ನೂರಕ್ಕೆ ಇಷ್ಟೆಂದು ದರ ಹಾಕುವ ಕೈ ಮತ್ತೊಂದು. ಮಾರ್ಗಸೂಚಿ ಬೆಲೆಗಳು ರಾಜ್ಯದಲ್ಲೆಲ್ಲ 2023ರ ಅಕ್ಟೋಬರ್ 1ರಿಂದ ಪರಿಷ್ಕೃತವಾದವು; ಅದನ್ನು ಮಾಡಿದ್ದು ನಮ್ಮ ಪುರಸಭೆಯಲ್ಲ. ತೆರಿಗೆ ಹೆಚ್ಚಾದಾಗ ಬೆಲೆ ಏರಿತೋ, ದರ ಏರಿತೋ, ಇಲ್ಲವೇ ಕಟ್ಟಡದ ಅಳತೆಯನ್ನು ಬದಲಾಯಿಸಿದರೋ ಎಂಬ ಮೂರನ್ನು ಬೇರೆ ಮಾಡಿ ನೋಡದೆ ಸಿಟ್ಟಾಗುವುದು ವ್ಯರ್ಥ. ಕಾಗದದಲ್ಲಿ ಈ ಮೂರೂ ಬೇರೆಬೇರೆ ಅಂಕಣಗಳಲ್ಲಿರುತ್ತವೆ. ಹಿಂದಿನ ವರ್ಷದ ರಸೀತಿಯನ್ನು ಪಕ್ಕದಲ್ಲಿಟ್ಟುಕೊಂಡು ಬೆರಳಿಟ್ಟು ಓದಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಒಂದು ಲೆಕ್ಕವನ್ನು ಮಾಡೋಣ. ಅಂಕಿಗಳು ತಿಳಿಯುವ ಸಲುವಾಗಿ ನಾವು ಕಲ್ಪಿಸಿಕೊಂಡವು. ಒಂದು ಮನೆಯ ತೆರಿಗೆಗೆ ಒಳಪಡುವ ಬೆಲೆಯು 6,00,000 ರೂಪಾಯಿ, ದರವು ನೂರಕ್ಕೆ 50 ಪೈಸೆ ಎಂದಿರಲಿ. ತೆರಿಗೆಯು 3,000 ರೂಪಾಯಿ ಆಯಿತು. ಇದರ ಮೇಲೆ ಸೆಸ್ಸುಗಳು ಬರುತ್ತವೆ: ಆರೋಗ್ಯದ ಸೆಸ್ಸು ಶೇಕಡಾ 15ರಂತೆ 450, ಗ್ರಂಥಾಲಯದ ಸೆಸ್ಸು ಶೇಕಡಾ 6ರಂತೆ 180, ಭಿಕ್ಷುಕರ ಸೆಸ್ಸು ಶೇಕಡಾ 3ರಂತೆ 90. ಒಟ್ಟು 720. ಕಟ್ಟಬೇಕಾದದ್ದು 3,720. ಇದಲ್ಲದೆ ಕಸ ವಿಲೇವಾರಿಯ ಶುಲ್ಕ, ನೀರಿನ ಶುಲ್ಕ ಮೊದಲಾದವು ಪ್ರತ್ಯೇಕವಾಗಿರುತ್ತವೆ. ಸೆಸ್ಸಿನ ಹಣವು ಊರಿನ ರಸ್ತೆಗಾಗಲಿ ದೀಪಕ್ಕಾಗಲಿ ಬಂದದ್ದಲ್ಲ. ಪುರಸಭೆಯು ಅದನ್ನು ಬೇರೆಯವರ ಪರವಾಗಿ ವಸೂಲು ಮಾಡುವುದಷ್ಟೆ. ಗ್ರಂಥಾಲಯದ ಸೆಸ್ಸನ್ನು ಊರಿನವರು ಕಟ್ಟುತ್ತಲೇ ಇದ್ದಾರೆಂಬುದನ್ನು ನಮ್ಮ ಊರಿನ ವಾಚನಾಲಯದ ಮುರುಕು ಬೆಂಚುಗಳನ್ನು ನೋಡಿದಾಗಲೆಲ್ಲ ನೆನೆಸಿಕೊಳ್ಳುತ್ತೇವೆ.

ಈಗ ದರದ ವಿಷಯಕ್ಕೆ ಬರೋಣ. ಇಂಗ್ಲೆಂಡು, ಅಮೇರಿಕಾ ದೇಶಗಳ ಅನೇಕ ಊರುಗಳಲ್ಲಿ ಮೊದಲು ವರ್ಷದ ಖರ್ಚನ್ನು ಗೊತ್ತುಮಾಡಿ, ಬೇರೆ ಆದಾಯವನ್ನು ಕಳೆದು, ಉಳಿದದ್ದನ್ನು ಊರಿನ ಮನೆಗಳ ಮೇಲೆ ಹಂಚುತ್ತಾರೆ. ಹಂಚಿದಾಗ ಬರುವುದೇ ದರ. ಕೊರತೆ ಎಷ್ಟೋ ದರ ಅಷ್ಟು. ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ತಲೆಕೆಳಗು. ದರವು ಮೊದಲು ಇರುತ್ತದೆ. ಅದರಿಂದ ಬರುವ ಹಣವನ್ನು ನೋಡಿ ಖರ್ಚನ್ನು ಕುಗ್ಗಿಸುತ್ತಾರೆ. ಆದುದರಿಂದಲೇ ದರವು ಎಷ್ಟು ಸಾಲುತ್ತದೆಂಬ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಎತ್ತದೆ ವರ್ಷಗಳು ಕಳೆದುಹೋಗುತ್ತವೆ.

ಹಣಕಾಸಿನ ವರ್ಷವು ಏಪ್ರಿಲ್ 1ಕ್ಕೆ ಹುಟ್ಟುತ್ತದೆ. ಅದಕ್ಕೆ ಮುಂಚೆ ಮುಖ್ಯಾಧಿಕಾರಿಗಳು, ದೊಡ್ಡ ಊರಾದರೆ ಪೌರಾಯುಕ್ತರು, ಆಯವ್ಯಯದ ಕರಡನ್ನು ಸಿದ್ಧಪಡಿಸಿ ಸಭೆಯ ಮುಂದಿಡುತ್ತಾರೆ. ಚಳಿಗಾಲದಲ್ಲಿ ಬಜೆಟ್ ಪೂರ್ವಭಾವಿ ಸಭೆಯೆಂದು ಊರಿನವರನ್ನು ಕರೆಯುವ ವಾಡಿಕೆಯೂ ಉಂಟು. ಆ ಸಭೆಗೆ ನಾವು ಕೆಲವು ಸಲ ಹೋಗಿ ಕುಳಿತದ್ದುಂಟು. ಕುರ್ಚಿಗಳಲ್ಲಿ ಕಂತ್ರಾಟುದಾರರು, ಪತ್ರಿಕೆಯವರು, ನಿವೃತ್ತರಾದ ನಾಲ್ಕಾರು ಹಿರಿಯರು. ಹೆಂಗಸರೆಂದರೆ ಮೀಸಲಾತಿಯಿಂದ ಆರಿಸಿ ಬಂದ ಸದಸ್ಯೆಯರು ಮತ್ತು ನಾವು. ನಲ್ಲಿಯಲ್ಲಿ ನೀರು ಬಾರದೆ ಕೊಡ ಹೊರುವವರು ಯಾರೋ, ಚರಂಡಿಯ ವಾಸನೆಯ ಪಕ್ಕದಲ್ಲಿ ಅಡಿಗೆ ಮಾಡುವವರು ಯಾರೋ, ಅವರೊಬ್ಬರೂ ಅಲ್ಲಿರಲಿಲ್ಲ. ಸಭೆಯು ನಡೆದದ್ದು ವಾರದ ನಡುವಿನ ದಿನ, ಬೆಳಗಿನ ಹನ್ನೊಂದು ಗಂಟೆಗೆ.

ದರವನ್ನು ಹೊಸದಾಗಿ ಹಾಕುವುದಾಗಲಿ ಬದಲಾಯಿಸುವುದಾಗಲಿ ಸಾಮಾನ್ಯ ಸಭೆಯ ಠರಾವಿನಿಂದ ಆಗತಕ್ಕದ್ದು. ಯಾವ ಬಗೆಯ ಸ್ವತ್ತಿಗೆ ಯಾವ ದರವೆಂದು ಠರಾವಿನಲ್ಲಿ ಬರೆಯುತ್ತಾರೆ. ಅದನ್ನು ನೋಟೀಸಿನೊಡನೆ ಪ್ರಕಟಿಸಿ, ಆಕ್ಷೇಪಣೆಯಿದ್ದವರು ಇಂತಿಷ್ಟು ದಿನಗಳೊಳಗೆ ಬರಹದಲ್ಲಿ ಕೊಡಬೇಕೆಂದು ತಿಳಿಸುತ್ತಾರೆ. ಬಂದ ಆಕ್ಷೇಪಣೆಗಳನ್ನು ಸಭೆಯು ವಿಚಾರಿಸಿದ ಮೇಲೆ ದರವು ಸ್ಥಿರವಾಗುತ್ತದೆ. ಚುನಾಯಿತ ಸಭೆಯ ಅವಧಿ ಮುಗಿದು ಹೊಸ ಚುನಾವಣೆ ನಡೆಯದಿರುವ ಕಾಲದಲ್ಲಿ ಸಭೆಯ ಅಧಿಕಾರವು ಸರ್ಕಾರವು ನೇಮಿಸಿದ ಆಡಳಿತಾಧಿಕಾರಿಗಳ ಕೈಯಲ್ಲಿರುತ್ತದೆ. ಆಗ ಠರಾವನ್ನು ಬರೆಯುವವರೂ ಒಪ್ಪುವವರೂ ಒಬ್ಬರೇ. ಪುರಸಭೆಯ ಚುನಾವಣೆಯು ತಡವಾದರೆ ನಮಗೇನು ನಷ್ಟವೆಂದು ಕೇಳುವವರು ಇದನ್ನು ಗಮನಿಸಬೇಕು.

ಆಕ್ಷೇಪಣೆಯ ಅವಧಿಯೆಂಬುದು ಇಡೀ ಕ್ರಮದಲ್ಲಿ ನಮ್ಮಂಥವರಿಗೆ ತೆರೆದಿಟ್ಟ ಒಂದೇ ಬಾಗಿಲು. ಅದು ತೆರೆದದ್ದೂ ಮುಚ್ಚಿದ್ದೂ ಅನೇಕರಿಗೆ ತಿಳಿಯುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು, ಗಂಡನನ್ನು ಕಳೆದುಕೊಂಡು ಹೊಲಿಗೆಯಿಂದ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದವರು, ಒಂದು ದಿನ ಅಂಥ ಕಾಗದವನ್ನು ಹಿಡಿದುಕೊಂಡು ಬಂದರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯ ಯಂತ್ರವಿತ್ತೆಂದು ಇಡೀ ಮನೆಯನ್ನೇ ಅಂಗಡಿಯೆಂದು ಬರೆದು ಅಂಗಡಿಯ ದರವನ್ನು ಹಾಕಿದ್ದರು. ವಿಚಾರಿಸಲಾಗಿ, ಕಛೇರಿಯವರು ಮೊದಲು ಕಳುಹಿಸಿದ ನೋಟೀಸು ತೀರಿಹೋದ ಗಂಡನ ಹೆಸರಿಗೆ ಬಂದಿತ್ತು. ಉತ್ತರ ಕೊಡುವ ದಿನವೂ ದಾಟಿತ್ತು. ಉತಾರದಲ್ಲಿ ಹೆಸರು ಬದಲಾಗಿರಲಿಲ್ಲವಾದುದರಿಂದ ಆಕೆಯ ಅರ್ಜಿಯನ್ನು ತೆಗೆದುಕೊಳ್ಳಲೂ ಮೇಜಿನವರು ಹಿಂದೆಗೆದರು. ಮರಣದ ದಾಖಲೆ, ವಾರಸುದಾರರ ಒಪ್ಪಿಗೆ, ಅರ್ಜಿ, ಮತ್ತೆ ಅರ್ಜಿ ಎಂದು ಏಳು ತಿಂಗಳು ಹೋಯಿತು. ಕೊನೆಗೆ ಒಂದು ಕೋಣೆಗೆ ಮಾತ್ರ ಅಂಗಡಿಯ ದರವೆಂದು ತಿದ್ದಿದರು. ಆ ಏಳು ತಿಂಗಳಲ್ಲಿ ಎಷ್ಟು ದಿನದ ಹೊಲಿಗೆಯು ನಿಂತಿತೆಂಬುದು ಯಾವ ಅಂಕಣದಲ್ಲಿಯೂ ಇಲ್ಲ.

ತೆರಿಗೆಯಿಂದ ಬಿಡುಗಡೆಯುಳ್ಳ ಸ್ವತ್ತುಗಳೂ ಉಂಟು. ಆರಾಧನೆಯ ಸ್ಥಳಗಳು, ಮನ್ನಣೆ ಪಡೆದ ಶಾಲೆಗಳ ಕಟ್ಟಡಗಳು ಮೊದಲಾದವಕ್ಕೆ ವಿನಾಯಿತಿಯಿದೆ. ಕೇಂದ್ರ ಸರ್ಕಾರದ ಸ್ವತ್ತಿನ ಮೇಲೆ ಸಂವಿಧಾನದ 285ನೆಯ ವಿಧಿಯಂತೆ ತೆರಿಗೆಯಿಲ್ಲ. ಆದುದರಿಂದ ರೈಲ್ವೆಯ ಜಾಗವು ಹೆಚ್ಚಾಗಿರುವ ಊರಿನಲ್ಲಿ ಪುರಸಭೆಯ ಬುಟ್ಟಿಯು ಆರಂಭದಲ್ಲಿಯೇ ಚಿಕ್ಕದು. ನಮ್ಮ ಶಾಲೆಯ ಕಟ್ಟಡವೂ ವಿನಾಯಿತಿಗೆ ಒಳಪಟ್ಟದ್ದೇ. ಆದರೆ ನಮ್ಮ ಕಸವನ್ನೂ ಪುರಸಭೆಯ ಪೌರಕಾರ್ಮಿಕರೇ ಒಯ್ಯುತ್ತಾರೆ, ನಮ್ಮ ಗೇಟಿನ ಮುಂದಿನ ದೀಪವನ್ನೂ ಪುರಸಭೆಯೇ ಉರಿಸುತ್ತದೆ. ಆದ್ದರಿಂದ ವಿನಾಯಿತಿಯುಳ್ಳವರಿಂದಲೂ ಸೇವಾ ಶುಲ್ಕವನ್ನು ಕೇಳಿದರೆ ಮುಖ ಸಿಂಡರಿಸುವುದು ಸಲ್ಲದೆಂದು ನಾವು ಭಾವಿಸುತ್ತೇವೆ. ಇನ್ನು, ದೇವಾಲಯವಾಗಲಿ ಮಸೀದಿಯಾಗಲಿ ಇಗರ್ಜಿಯಾಗಲಿ, ರಸ್ತೆಯ ಕಡೆಗೆ ಅಂಗಡಿಸಾಲು ಕಟ್ಟಿಸಿ ಬಾಡಿಗೆಯನ್ನು ತೆಗೆದುಕೊಳ್ಳುತ್ತಿದ್ದರೆ ಆ ಅಂಗಡಿಗಳನ್ನು ಆರಾಧನೆಯ ಹೆಸರಿನ ಮರೆಯಲ್ಲಿ ಬಚ್ಚಿಡುವುದು ಯೋಗ್ಯವಲ್ಲ.

ದರವನ್ನು ಹೆಚ್ಚಿಸುವುದು ಒಳ್ಳೆಯದೋ ಕೆಟ್ಟದೋ? ಸದಸ್ಯರಿಗೆ ಮುಂದಿನ ಚುನಾವಣೆಯ ಭಯ. ತೆರುವವರಿಗೆ ತಿಂಗಳ ಕೊನೆಯ ಭಯ. ಇಬ್ಬರೂ ಮರೆಯುವ ಒಂದು ಲೆಕ್ಕವುಂಟು. ಒಂದು ಚಿಕ್ಕ ಊರಿನಲ್ಲಿ 10,000 ಮನೆಗಳಿವೆ, ಒಂದೊಂದರ ತೆರಿಗೆಯ ಬೆಲೆ ಸರಾಸರಿ 5,00,000 ಎಂದು ಕಲ್ಪಿಸಿಕೊಳ್ಳಿರಿ. ಒಟ್ಟು 500 ಕೋಟಿ. ನೂರಕ್ಕೆ 50 ಪೈಸೆಯಂತೆ ಎಲ್ಲರೂ ಕಟ್ಟಿದರೆ ಬರುವುದು 2 ಕೋಟಿ 50 ಲಕ್ಷ. ಆದರೆ ಪುಸ್ತಕದಲ್ಲಿ ಏರಿರುವ ಮನೆಗಳು 7,000 ಮಾತ್ರ ಎಂದಿರಲಿ. ಆಗ ಕೇಳಬಹುದಾದದ್ದು 1 ಕೋಟಿ 75 ಲಕ್ಷ. ಅದರಲ್ಲಿ ನೂರಕ್ಕೆ 80 ಪಾಲು ಮಾತ್ರ ವಸೂಲಾದರೆ ಕೈಗೆ ಬಂದದ್ದು 1 ಕೋಟಿ 40 ಲಕ್ಷ. ಊರಿಗೆ ಬೇಕಾದದ್ದು ಮಾತ್ರ ಅದೇ ಎರಡೂವರೆ ಕೋಟಿ. ಈ ಕೊರತೆಯನ್ನು ದರದಿಂದಲೇ ತುಂಬಿಸಹೊರಟರೆ 50 ಪೈಸೆಯು ಸುಮಾರು 89 ಪೈಸೆ ಆಗಬೇಕು. ಆ 39 ಪೈಸೆಯನ್ನು ತೆರುವವರು, ಮೊದಲಿನಿಂದಲೂ ತಪ್ಪದೆ ಕಟ್ಟುತ್ತಿದ್ದವರೇ. ಪುಸ್ತಕದಲ್ಲಿಲ್ಲದ 3,000 ಮನೆಗಳಿಗೆ ದರವು ಏರಿದರೂ ಇಳಿದರೂ ಒಂದೇ.

ಆದುದರಿಂದ ದರವನ್ನು ಹೆಚ್ಚಿಸುವ ಠರಾವು ಬಂದಾಗ ಸದಸ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆಯು, ಹೋದ ವರ್ಷದ ಬೇಡಿಕೆ ಎಷ್ಟು, ವಸೂಲು ಎಷ್ಟು, ಬಾಕಿ ಎಷ್ಟು, ಪುಸ್ತಕಕ್ಕೆ ಏರದ ಕಟ್ಟಡಗಳೆಷ್ಟು ಎಂಬುದು. ಇವನ್ನು ಬಾಯಿಮಾತಿನಲ್ಲಿ ಹೇಳದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಕೊಟ್ಟು ಪಡೆಯಬಹುದು. ನಮ್ಮ ಅಭಿಪ್ರಾಯವನ್ನು ಮರೆಮಾಚುವುದಿಲ್ಲ: ಪುಸ್ತಕವನ್ನು ಸರಿಪಡಿಸಿದ ಮೇಲೂ ಹಣವು ಸಾಲದಿದ್ದರೆ ದರವನ್ನು ಹೆಚ್ಚಿಸುವುದೇ ಸರಿ. ಪಟ್ಟಿಯಲ್ಲಿ ನೂರು ರೂಪಾಯಿ ಉಳಿಸಿಕೊಂಡು, ನೀರು ಬಾರದ ದಿನ ಟ್ಯಾಂಕರಿಗೆ ಐನೂರು ಕೊಡುವ ಮನೆಗಳನ್ನು ನಾವು ಕಂಡಿದ್ದೇವೆ. ಟ್ಯಾಂಕರನ್ನು ಕರೆಸಲಾರದ ಮನೆಗಳಿಂದಲೂ ಹುಡುಗಿಯರು ನಮ್ಮ ಶಾಲೆಗೆ ಬರುತ್ತಾರೆ; ಅವರು ಮೊದಲನೆಯ ಪೀರಿಯಡ್ಡಿಗೆ ತಡವಾಗಿ ಬರುವುದರ ಕಾರಣವು ನಮ್ಮ ಹಾಜರಿ ಪುಸ್ತಕಕ್ಕೆ ಗೊತ್ತಿಲ್ಲದಿದ್ದರೂ ನಮಗೆ ಗೊತ್ತು.

ಇತ್ತೀಚೆಗೆ ಮೇಲಿನಿಂದಲೂ ಒತ್ತಡ ಬಂದಿದೆ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಗಳಿಗೆ ಪಟ್ಟಣಗಳಿಗೆ ಅನುದಾನವನ್ನು ಸೂಚಿಸಿದಾಗ ಎರಡು ಕರಾರುಗಳನ್ನು ಹಾಕಿತು. ಆಸ್ತಿ ತೆರಿಗೆಗೆ ಕೆಳಗಿನ ಮಿತಿಯನ್ನು ರಾಜ್ಯಗಳು ಗೊತ್ತುಮಾಡಿ ಪ್ರಕಟಿಸಬೇಕು. ರಾಜ್ಯದ ಒಟ್ಟು ಉತ್ಪನ್ನವು ಬೆಳೆಯುವ ಪ್ರಮಾಣಕ್ಕೆ ತಕ್ಕಂತೆ ವಸೂಲಿಯೂ ಬೆಳೆಯಬೇಕು. ಹೀಗಾಗಿ ದರವನ್ನು ವರ್ಷಾನುಗಟ್ಟಲೆ ಮುಟ್ಟದೆ ಬಿಡುವ ಹಳೆಯ ಅಭ್ಯಾಸಕ್ಕೆ ಅವಕಾಶವು ಕಡಿಮೆಯಾಗಿದೆ. ಊರಿನವರು ಮಾತಾಡಿದರೂ ಸುಮ್ಮನಿದ್ದರೂ ಪಟ್ಟಿಯು ಮೆಲ್ಲಮೆಲ್ಲನೆ ಏರತಕ್ಕದ್ದೇ. ಯಾರ ಮೇಲೆ ಎಷ್ಟು ಏರುವುದು, ಬಂದ ಹಣವು ಯಾವ ಓಣಿಗೆ ಹೋಗುವುದು ಎಂಬ ಎರಡು ವಿಷಯಗಳಲ್ಲಿ ಮಾತ್ರ ನಮ್ಮ ಮಾತಿಗೆ ಇನ್ನೂ ಎಡೆಯಿದೆ.

ಕೆಲವು ವ್ಯಾವಹಾರಿಕ ಸಂಗತಿಗಳನ್ನು ಬರೆದು ಮುಗಿಸುತ್ತೇವೆ. ಏಪ್ರಿಲ್ ತಿಂಗಳೊಳಗೆ ಕಟ್ಟಿದವರಿಗೆ ಶೇಕಡಾ 5ರ ರಿಯಾಯಿತಿಯುಂಟು; ಕೆಲವು ವರ್ಷ ಸರ್ಕಾರವು ಈ ಅವಧಿಯನ್ನು ಮುಂದುವರಿಸಿದ್ದೂ ಉಂಟು, ಆದರೆ ಅದನ್ನು ನೆಚ್ಚಿ ಕೂರಬಾರದು. ತಡಮಾಡಿದರೆ ದಂಡವು ಸೇರುತ್ತ ಹೋಗುತ್ತದೆ. ತಂದೆಯೋ ಗಂಡನೋ ತೀರಿಹೋದ ಮನೆಗಳಲ್ಲಿ ದುಃಖದ ದಿನಗಳು ಕಳೆದ ಕೂಡಲೇ ಖಾತೆಯ ಬದಲಾವಣೆಗೆ ಅರ್ಜಿ ಕೊಡಿರಿ. ಹೆಸರು ಬದಲಾಗದಿದ್ದರೆ ನೋಟೀಸು ನಿಮ್ಮ ಕೈಗೆ ಬಾರದು. ಅರ್ಜಿಯ ಎರಡು ಪ್ರತಿಗಳನ್ನು ಒಯ್ದು, ಒಂದರ ಮೇಲೆ ತಾರೀಖಿನೊಡನೆ ಮುದ್ರೆ ಹಾಕಿಸಿಕೊಂಡು ಬರಬೇಕು. ಆಕ್ಷೇಪಣೆಯ ಕಾಗದದಲ್ಲಿ ಸ್ವತ್ತಿನ ಸಂಖ್ಯೆ, ನೋಟೀಸಿನ ಸಂಖ್ಯೆ ಮತ್ತು ತಾರೀಖು, ಯಾವ ಅಂಕಣವು ತಪ್ಪು, ಸರಿಯಾದ ಅಂಕಿ ಯಾವುದು ಎಂಬ ಇಷ್ಟೇ ಸಾಕು; ಬಡತನದ ವರ್ಣನೆಯಿಂದ ಅಂಕಿಯು ತಿದ್ದಿ ಹೋಗುವುದಿಲ್ಲ. ಅಳತೆಯಲ್ಲಿ ಸಂಶಯವಿದ್ದವರು ಮನೆಯನ್ನು ಟೇಪಿನಿಂದ ತಾವೇ ಅಳೆದು ನೋಡಬಹುದು. ಎಂಟನೆಯ ತರಗತಿಯ ಹುಡುಗಿಯು ಮನೆಯಲ್ಲಿದ್ದರೆ ಆಕೆಯ ಕೈಗೆ ಟೇಪನ್ನು ಕೊಡಿರಿ. ಕ್ಷೇತ್ರಫಲದ ಲೆಕ್ಕವನ್ನು ನಾವು ಆಕೆಗೆ ಕಲಿಸಿದ್ದೇವೆ.